ಟೇಲರ್ ಮನೆಯ ಬೆಕ್ಕು

ಈ ಊರಿನಲ್ಲಿ ನನ್ನ ದನಿ ಹೇಗಿದೆ ಎಂದು ಗೊತ್ತಿರುವವರು ಹತ್ತು ಮಂದಿಯೂ ಇರಲಿಕ್ಕಿಲ್ಲ ಎಂದು ಭಾನುವಾರ ಸಂಜೆ ಡೈರಿಯಲ್ಲಿ ಬರೆದೆ. ಓದಿ ನೋಡಿದರೆ ಜಂಬ ಕೊಚ್ಚಿಕೊಂಡಂತೆ ಕಂಡಿತು. ಹೊಡೆದು ಹಾಕಿದೆ. ಅದರ ಕೆಳಗೆ ನಿಜವಾದ ಚಿಂತೆ ಬರೆದೆ: ಅಪ್ಪ ಬೆಕ್ಕಿನ ಬಾಲ ಕತ್ತರಿಸಿದ ಎಂದು ಊರು ಆಡಿಕೊಳ್ಳುತ್ತಿದೆ. ಅದು ಸುಳ್ಳು ಎಂಬುದಕ್ಕೆ, ಬೆಕ್ಕನ್ನು ಹುಟ್ಟಿದ ಮನೆಯಲ್ಲೇ ಕಣ್ಣಾರೆ ಕಂಡ ಸಾಕ್ಷಿ ಈ ಊರಲ್ಲಿ ನಾನೊಬ್ಬಳೇ. ಹನ್ನೊಂದು ದಿನವಾಯಿತು, ಇನ್ನೂ ಬಾಯಿ ಬಿಟ್ಟಿಲ್ಲ.

ಇದನ್ನು ಹೊಡೆದು ಹಾಕಲಿಲ್ಲ.

ನಮ್ಮ ಅಪ್ಪ ಚೌಡಪ್ಪ ಹತ್ತಿಮತ್ತೂರಿನಲ್ಲಿ ಟೇಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಗೆ ಬುದ್ಧನ ಫೋಟೊ, ಅದರ ಕೆಳಗೆ ಹೊಲಿಗೆ ಮಷೀನು, ಮೂಲೆಯಲ್ಲಿ ಮೊಳಕಾಲೆತ್ತರ ಅರಿಬೆಯ ಚೂರುಗಳ ರಾಶಿ. ಆ ರಾಶಿಯಲ್ಲಿ ಇಲಿಗಳ ಸಂಸಾರ. ನನಗೆ ಅಪ್ಪ ಆಸೆಪಟ್ಟು ಇಟ್ಟ ಹೆಸರು ಯಶೋಧರಾ. ಊರವರ ಬಾಯಲ್ಲಿ ಅದು ಯಶೋದಾ ಆಗಿದೆ. ಹೆಸರಿಗೆ ಬಿದ್ದ ಕತ್ತರಿಯನ್ನು ಅಪ್ಪನೂ ತಡೆಯಲಿಲ್ಲ, ನಾನೂ ತಿದ್ದಲಿಲ್ಲ. ಬಿ.ಎ. ಮುಗಿಸಿ ಎರಡು ವರ್ಷವಾಯಿತು. ವಾರಕ್ಕೆ ಮೂರು ದಿನ ಸವಣೂರಿನ ಲೈಬ್ರರಿಗೆ ಹೋಗಿ ಪರೀಕ್ಷೆಗೆ ಓದುತ್ತೇನೆ. ಉಳಿದ ದಿನ ಅಪ್ಪ ಹೊಲಿದ ಕುಪ್ಪಸಗಳಿಗೆ ಹುಕ್ಕು ಹಚ್ಚುತ್ತೇನೆ. ಎರಡೂ ಕೆಲಸಕ್ಕೆ ಮಾತು ಬೇಕಾಗಿಲ್ಲ, ಅದೇ ಸುಖ.

ಬೆಕ್ಕು ಬಂದದ್ದು ಸವಣೂರಿನಿಂದ. ಅಲ್ಲಿ ಅಪ್ಪನಿಗೆ ಹೊಲಿಗೆ ಕಲಿಸಿದ ಉಸ್ತಾದರ ಮನೆಯಿದೆ. ಉಸ್ತಾದರು ತೀರಿಕೊಂಡು ಬಹಳ ವರ್ಷವಾಯಿತು. ಅವರ ಹೆಂಡತಿ ಮಾಬೂಬಿ ಖಾರಾ ಕರಿದು ಅಂಗಡಿಗಳಿಗೆ ಹಾಕುತ್ತಾರೆ. ಖಾರಾ ತುಂಬುವ ಅರಿಬೆ ಚೀಲಗಳನ್ನು ಅಪ್ಪನೇ ಹೊಲಿದು ಕೊಡುವುದು. ಹೋದ ತಿಂಗಳು ಆ ಚೀಲಗಳನ್ನು ಕೊಡಲು ಹೋದಾಗ, ಮಾಬೂಬಿ ಒಲೆಯ ಮುಂದಿನಿಂದಲೇ ಕೂಗಿದರು.

"ಬಾ ಬೇಟಾ, ಒಳಗ ಬಾ. ನೋಡಿ ಕಾಲಿಡು, ನಮ್ಮ ಬಿಲ್ಲಿ ಮರಿ ಕಟಗೊಂಡು ಕುಂತಾಳ."

ಹಿಟ್ಟಿನ ಡಬ್ಬಿಗಳ ಸಂದಿಯಲ್ಲಿ ಕಂದು ಬಣ್ಣದ ಬೆಕ್ಕೊಂದು ಕುಳಿತಿತ್ತು. ಎದ್ದು ತಿರುಗಿದಾಗ ನೋಡಿದೆ, ಅದಕ್ಕೆ ಬಾಲವೇ ಇರಲಿಲ್ಲ. ಹಿಂದಿನ ಕಾಲು ಉದ್ದ, ಬೆನ್ನು ದುಂಡಗೆ, ಒಳ್ಳೆ ಮೊಲದ ಹಾಗೆ. ನನ್ನ ಮುಖ ನೋಡಿ ಮಾಬೂಬಿ ನಕ್ಕರು.

"ಇಕಿ ಅವ್ವನೂ ಹಿಂಗ ಇದ್ಲು, ಅವ್ವನ ಅವ್ವನೂ ಹಿಂಗ. ನಮ್ಮ ಮನಿ ಬೆಕ್ಕಿನ ಖಾಂದಾನನ ಇದು. ಈ ಸಲ ನಾಕು ಹಾಕ್ಯಾಳ. ಎರಡಕ್ಕ ಬಾಲ ಬಂತು, ಒಂದಕ್ಕ ಅರ್ಧಾ. ಆ ಮೂರನ್ನೂ ಮಂದಿ ಒಯ್ದ್ರು. ಇದೊಂದು ಉಳೀತು ನೋಡು. ಬಾಲ ಇಲ್ಲ, ಅಪಶಕುನ ಅಂತಾರ. ನಾ ಐವತ್ತು ವರ್ಷ ಇವುಗಳ ಮುಖಾ ನೋಡೇ ಒಲಿ ಹಚ್ಚೇನಿ. ಏನಾಗೇತಿ ನನಗ?"

ಆ ಉಳಿದ ಮರಿ ನನ್ನ ಚೀಲದೊಳಗೆ ಇಳಿದು, ಡೈರಿಯ ಮೇಲೆ ಸುತ್ತಿಕೊಂಡು ಮಲಗಿಬಿಟ್ಟಿತು. ನಾನು ಬೇಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ, ಚೀಲದ ಬಾಯಿ ಹಿಡಿದುಕೊಂಡು ನಿಂತೆ. ಮಾಬೂಬಿ ಒಂದು ಗಳಿಗೆ ನನ್ನನ್ನೇ ನೋಡಿ, "ಒಯ್ಯಿ," ಎಂದರು. ನನ್ನ ಸುಮ್ಮನಿರುವಿಕೆಯನ್ನು ಅಷ್ಟು ಸರಿಯಾಗಿ ಓದಿದವರು ಕಡಿಮೆ.

ಅಲ್ಲಿಂದ ಸೀದಾ ದನದ ದವಾಖಾನೆಗೆ ಹೋದೆ. ಡಾಕ್ಟರು ಮರಿಯ ನಡು ಒತ್ತಿ ನೋಡಿದರು, ನೆಲಕ್ಕೆ ಬಿಟ್ಟು ನಡೆಸಿದರು. ಇಂಥವಕ್ಕೆ ಕೆಲವು ಸಲ ಬೆನ್ನುಹುರಿಯ ತೊಂದರೆ ಇರುತ್ತದೆ, ಉಚ್ಚೆ, ಹೇಲು ಸರಿಯಾಗಿ ಆಗುತ್ತದೆಯೋ ನೋಡಿಕೊಳ್ಳಿ, ಇದು ಗಟ್ಟಿ ಇದೆ ಎಂದರು. ಬಾಲವಿಲ್ಲದ ಬೆಕ್ಕಿನ ಜಾತಿಯೇ ಒಂದಿದೆಯಂತೆ, ಮ್ಯಾಂಕ್ಸ್ ಎಂದು, ಯಾವುದೋ ದ್ವೀಪದ್ದು. ಸವಣೂರಿನ ಬೆಕ್ಕಿಗೂ ಆ ದ್ವೀಪಕ್ಕೂ ನಂಟಿದೆಯೋ ಇಲ್ಲವೋ ಅವರಿಗೂ ಗೊತ್ತಿರಲಿಲ್ಲ. ನಮ್ಮ ಊರ ಬೆಕ್ಕುಗಳಲ್ಲೂ ಒಮ್ಮೊಮ್ಮೆ ಹೀಗೆ ಹುಟ್ಟುತ್ತವೆ ಎಂದರು.

ಬಸ್ಸಿನಲ್ಲಿ ಕುಳಿತು ಅಪ್ಪನಿಗೆ ಮೆಸೇಜ್ ಮಾಡಿದೆ. ಫೋನ್ ಮಾಡಬಹುದಿತ್ತು. ಆದರೆ ಬಸ್ಸಿನ ತುಂಬ ಜನ, ಅವರ ನಡುವೆ ಮಾತಾಡಬೇಕಲ್ಲ. ಒಂದು ಕೈಯಲ್ಲಿ ಚೀಲ ಹಿಡಿದದ್ದರಿಂದ ಅವಸರದಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಒತ್ತಿದೆ: ಬೆಕ್ಕಿನ ಮರಿ ತರಾಕತ್ತೇನಿ, ಅದಕ್ಕ ಬಾಲ ಇಲ್ಲ. ಬಿ, ಎ, ಎಲ್, ಎ. ಅಪ್ಪ ಏಳನೆಯ ಇಯತ್ತೆ ಓದಿದವನು. ಒಂದೊಂದೇ ಅಕ್ಷರ ಕೂಡಿಸಿ ಅವ್ವನಿಗೆ ಓದಿ ಹೇಳಿದ: "ಬೆಕ್ಕಿನ ಮರಿ ತರತಾಳಂತ. ಅದಕ್ಕ ಬಲ ಇಲ್ಲಂತ."

"ಬಲ ಇಲ್ಲದ್ದನ್ನ ಕಟಗೊಂಡು ಏನ್ ಮಾಡೂದು?" ಎಂದಳಂತೆ ಅವ್ವ. "ಇದು ಇಲಿ ಹಿಡಿಯೂದಲ್ಲ, ಇಲೀನ ಇದನ್ನ ಹಿಡೀತಾವ."

ಹಾಗೆ ಅಂದವಳೇ ಜೋಳದ ಗಂಜಿಗೆ ಹಾಲು ಬೆರೆಸಿ ಆರಲು ಇಟ್ಟಿದ್ದಳು. ಅಪ್ಪ ರಟ್ಟಿನ ಡಬ್ಬಿಗೆ ಮೆತ್ತನೆಯ ಅರಿಬೆ ಹಾಸಿದ್ದ. ನಾನು ಚೀಲ ಬಿಚ್ಚಿದ ಕೂಡಲೇ ಮರಿ ಚಂಗನೆ ಹಾರಿ, ಕತ್ತರಿಸುವ ಮೇಜಿನ ಮೇಲೆ ಹೋಗಿ ಕುಳಿತಿತು. ಅಪ್ಪ ಅದರ ಸುತ್ತ ಒಂದು ಸುತ್ತು ಬಂದ.

"ಏ, ಇದರ ಬಾಲ ಎಲ್ಲೈತಿ?"

"ಮೆಸೇಜಿನ್ಯಾಗ ಹೇಳಿದ್ನೆಲ್ಲಪಾ."

"ನೀ ಬಲ ಇಲ್ಲ ಅಂದಿದ್ದಿ!"

"ಬಾಲ ಅಂದಿದ್ದೆ."

ಅವ್ವ ಗಂಜಿಯ ಬಟ್ಟಲು ಹಿಡಿದುಕೊಂಡೇ ನಕ್ಕಳು. "ಬಾಯಿಲೆ ಹೇಳಿದ್ರ ಒಂದ ಮಾತು. ಬರದು ಬರದು ನೀ ಒಂದಿನ ನಮ್ಮ ಮನೀನ ಮಾರತಿ." ಮ್ಯಾಂಕ್ಸ್ ಎಂಬ ಜಾತಿಯ ಸುದ್ದಿ ಹೇಳಿದರೆ, "ಮಂಕಾ? ಇದರ ಕಣ್ಣ ನೋಡು, ಇದು ಮಂಕೇನು? ನಿನಗಿಂತ ಶಾಣ್ಯಾ ಐತಿ," ಎಂದಳು. ಬಾಲವಿರಬೇಕಾದಲ್ಲಿ ಒಂದು ಸಣ್ಣ ದುಂಡನೆಯ ಕೂದಲ ಗಂಟು ಇತ್ತು. ಅಂಗಿಗೆ ಗುಂಡಿ ಹಚ್ಚಿದಂತೆ. ಅಪ್ಪನೇ ಗುಂಡಿ ಎಂದು ಹೆಸರಿಟ್ಟ.

ಎರಡನೆಯ ವಾರದಲ್ಲಿ ಗುಂಡಿ ಚೂರುಗಳ ರಾಶಿಯಿಂದ ತನ್ನರ್ಧದಷ್ಟಿದ್ದ ಇಲಿಯನ್ನು ಎಳೆದು ತಂದು ಅಪ್ಪನ ಕಾಲಬಳಿ ಇಟ್ಟಿತು. ಅಪ್ಪ ಮಷೀನು ನಿಲ್ಲಿಸಿ ಅವ್ವನಿಗೆ, "ನೋಡ ಶಾರವ್ವಾ, ಬಾಲ ಇಲ್ಲ, ಬಲ ಐತಿ," ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದ. ಎದುರಿನ ಚಹದ ಅಂಗಡಿಯ ಗುದ್ಲೆಪ್ಪ ಬಂದು ನೋಡಿ, "ಟೇಲರ್ ಮನ್ಯಾಗ ಟೇಲ್ ಇಲ್ಲದ ಬೆಕ್ಕು!" ಎಂದ. ಆ ಮಾತು ಊರಿಗೆ ಹಿಡಿಸಿತು. ಜನ ಸುಮ್ಮಸುಮ್ಮನೆ ಬೆಕ್ಕು ನೋಡಲು ಬರತೊಡಗಿದರು. ನಾನು ಹಿಂದಿನ ಕೋಣೆಯಲ್ಲಿ ಹುಕ್ಕು ಹಚ್ಚುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಏನೋ ಹೆಮ್ಮೆ. ನಾನೇ ತಂದದ್ದಲ್ಲವೇ?

ಆಮೇಲೆ ಬಂದದ್ದು ಆ ಬುಧವಾರ.

ಸರೋಜವ್ವ ಮತ್ತು ಅವರ ಮಗಳು ಶ್ವೇತಾ ಬಂದರು. ದೊಡ್ಡ ಹೊಲಮನಿಯವರು. ಶ್ವೇತಾ ಹತ್ತನೆಯ ಇಯತ್ತೆಯವರೆಗೆ ನನ್ನ ವರ್ಗದವಳು, ಈಗ ಏಳು ತಿಂಗಳ ಬಸುರಿ, ತವರಿಗೆ ಬಂದಿದ್ದಳು. ಅವಳ ಕುಬಸ ಗೊತ್ತಾಗಿತ್ತು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಕುಪ್ಪಸ ತೊಡಿಸಿ, ಉಡಿ ತುಂಬುವ ದಿನ. ನಮ್ಮ ಊರಲ್ಲಿ ಇಪ್ಪತ್ತು ವರ್ಷದಿಂದ ಕುಬಸದ ಕುಪ್ಪಸ ಎಂದರೆ ಚೌಡಪ್ಪನ ಕೈಯಿಂದಲೇ ಆಗಬೇಕು. ಆ ಕೈಯಿಂದ ಹೊಲಿದದ್ದು ತೊಟ್ಟವರಿಗೆ ಸುಸೂತ್ರ ಬಾಣಂತನ ಎಂಬ ಮಾತಿದೆ. ಅಪ್ಪ ಈ ಮಾತನ್ನು ನಂಬುವುದಿಲ್ಲ, ಆದರೆ ಆ ಒಂದು ಕುಪ್ಪಸ ಹೊಲಿಯುವಾಗ ಸ್ನಾನ ಮಾಡಿಯೇ ಕೂರುತ್ತಾನೆ.

ಸರೋಜವ್ವ ಕುಪ್ಪಸದ ಹಸಿರು ಖಣ ತೆಗೆದು ಮೇಜಿನ ಮೇಲಿಟ್ಟರು. ಗುಂಡಿ ಅದರ ಮೇಲೆ ಹೋಗಿ ಕುಳಿತಿತು.

"ಅಯ್ಯ, ಎಷ್ಟ್ ಚಂದ ಐತಿ!" ಎಂದು ಶ್ವೇತಾ ಬಗ್ಗಿದಳು. ಬೆನ್ನ ಮೇಲೆ ಕೈಯಾಡಿಸಿದಳು, ಕೈ ಕೊನೆಗೆ ಹೋಗಿ ನಿಂತಿತು. ನಗು ಇಳಿಯಿತು. "ಇದಕ್ಕ ಬಾಲ ಯಾಕಿಲ್ಲ? ಹುಟ್ಟುವಾಗ ಹಿಂಗ ಹುಟ್ಟೇತೇನು?"

ಹೌದು ಎನ್ನುವ ಮಾತು ಒಳಬಾಗಿಲಲ್ಲಿ ನಿಂತಿದ್ದ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಗ ಶ್ವೇತಾಳ ಇನ್ನೊಂದು ಕೈ ತನಗೆ ತಾನೇ ಹೊಟ್ಟೆಯ ಮೇಲೆ ಹೋಯಿತು. ನಾನೂ ನೋಡಿದೆ. ನನಗಿಂತ ಮೊದಲು ಅಪ್ಪ ನೋಡಿದ್ದ.

"ಏ ಇಲ್ಲವ್ವಾ ತಂಗಿ," ಎಂದ ಅಪ್ಪ, ಕತ್ತರಿ ಎತ್ತಿ ಗಾಳಿಯಲ್ಲಿ ಒಮ್ಮೆ ಆಡಿಸಿ. "ಅರಿಬಿ ಕತ್ತರ್ಸು ಮುಂದ ನಡುವ ಬಂದು ಕುಂತಿತ್ತು. ಅಳತಿ ತಪ್ಪಿತು ನೋಡು, ಕಚಕ್!"

ಶ್ವೇತಾ ನಕ್ಕಳು. ಅಪ್ಪನೂ ನಕ್ಕ. ಯಾರೂ ನನ್ನನ್ನು ಕೇಳಲಿಲ್ಲವಲ್ಲ ಎಂದು ನನಗೂ ಹಗುರಾಯಿತು. ಸರೋಜವ್ವ ಮಾತ್ರ ನಗಲಿಲ್ಲ.

ನಾಲ್ಕನೆಯ ದಿನ ಅವರೊಬ್ಬರೇ ಬಂದರು. ಒಳಗೆ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತರು.

"ಚೌಡಪ್ಪ, ಖಣ ಕೊಟ್ಟುಬಿಡು."

"ಯಾಕ್ರೀ ಅವ್ವಾರ, ನಾಳಿ ಕೂಡ್ರಾಂವ ಇದ್ದೆ."

"ಬ್ಯಾಡ. ಹೊಟ್ಟಿಯಾಗ ಕೂಸಿಟ್ಕೊಂಡಾಕಿ ಮೈಮ್ಯಾಲೆ ಆ ಕತ್ತರಿ ಮುಟ್ಟಿದ ಅರಿಬಿ ಬ್ಯಾಡ. ಬೆಕ್ಕು ಕೊಂದ್ರ ಬಂಗಾರದ ಬೆಕ್ಕು ಮಾಡಿ ಕೊಡಬೇಕಂತಾರ. ನೀ ಏನ್ ಬಂಗಾರದ ಬಾಲ ಮಾಡಸ್ತೀಯೇನು?"

"ಅವ್ವಾರ, ನಾ ಚ್ಯಾಷ್ಟಿ ಮಾಡಿದ್ನಿರಿ."

"ಮೂಕ ಪ್ರಾಣಿ ಬಾಲ ಕತ್ತರಿಸೂದು ಚ್ಯಾಷ್ಟಿ ಏನು?"

ದೊಡ್ಡ ಮನೆಯವರ ಮುಂದೆ ಅಪ್ಪ ವಾದಕ್ಕೆ ನಿಲ್ಲುವವನಲ್ಲ. ಮಾತು ಬಿಗಿಯಾದರೆ ನಗೆ ಮಾಡಿ ಸಡಿಲ ಮಾಡುತ್ತಾನೆ. ಈ ಸಲ ನಗೆಯೇ ಬಿಗಿಯಾಗಿ ಕೂತಿತ್ತು. ಖಣ ಮಡಚಿ, ಮೇಲಿನ ಬೆಕ್ಕಿನ ಕೂದಲು ಒಂದೊಂದೇ ಆರಿಸಿ ತೆಗೆದು, ಎರಡೂ ಕೈಯಿಂದ ಕೊಟ್ಟ.

ಆ ವಾರದಲ್ಲಿ ಇನ್ನಿಬ್ಬರು ಬಂದು ಹೊಲಿಯಲು ಕೊಟ್ಟದ್ದನ್ನು ಹಾಗೇ ಒಯ್ದರು. ಗುದ್ಲೆಪ್ಪನ ಚಹದ ಅಂಗಡಿಯಲ್ಲಿ ಅಪ್ಪ ಇಲ್ಲ ಎಂದಷ್ಟೂ ಜನ, "ನೀನ ಹೇಳಿದ್ದೆಲ್ಲೋ ಮಾರಾಯಾ, ಕಚಕ್ ಅಂತ!" ಎಂದು ನಕ್ಕರಂತೆ. ಸವಣೂರಿನಲ್ಲಿ ನಾನು ಫೋನಿನಿಂದ ತೆಗೆದುಕೊಂಡಿದ್ದ ತಾಯಿ ಬೆಕ್ಕಿನ ಫೋಟೊವನ್ನು ಅವ್ವ ನೀರು ತರುವ ಹೆಂಗಸರಿಗೆ ತೋರಿಸಿದಳು. ತಾಯಿ ಬೆಕ್ಕು ಎದುರಿಗೆ ಮುಖ ಮಾಡಿ ಕುಳಿತ ಫೋಟೊ. "ಇದರಾಗ ಹಿಂದಿಂದು ಎಲ್ಲಿ ಕಾಣತೈತಿ?" ಎಂದರಂತೆ. ಅವರು ಹೇಳಿದ್ದೂ ಸರಿಯೇ.

ಶನಿವಾರ ಊಟಕ್ಕೆ ಕುಳಿತಾಗ ಅವ್ವ ರೊಟ್ಟಿ ಹಾಕುತ್ತ ಅಪ್ಪನನ್ನು ಕೇಳಿದಳು. "ಹುಟ್ಟಿದ್ದ ಹಂಗ ಅಂತ ಅವತ್ತ ಹೇಳಿದ್ರ ಏನಾಕ್ಕಿತ್ತು ನಿನಗ?"

"ಬಸುರಿ ಹೆಣಮಗಳ ಮುಂದ ಹುಟ್ಟುವಾಗ ಕಡಿಮಿ ಹುಟ್ಟೇತಿ ಅಂತ ಹೇಳಲೇನು? ಆ ಹುಡುಗಿ ಮಾರಿ ನೋಡಿದ್ನಿ ನಾ. ನನ್ನ ಮ್ಯಾಲೆ ಬಂದ್ರ ಬರಲಿ."

"ಈಗರ ಹೇಳು."

"ಈಗ ಹೋಗಿ ಹೇಳಿದ್ರ, ಅಂಜಿ ಮಾತು ತಿರುಗಿಸ್ಯಾನ ಅಂತಾರ. ಮ್ಯಾಲೆ ಆಕಿಗೂ ಚಿಂತಿ." ಅಪ್ಪ ಬಟ್ಟಲಲ್ಲೇ ಕೈ ತೊಳೆದ. ನನ್ನ ಕಡೆ ನೋಡದೆ ಹೇಳಿದ. "ಬೆಕ್ಕ ಇಲ್ಲಂದ್ರ ಮಾತೂ ಇರೂದಿಲ್ಲ. ಸೋಮವಾರ ಹೆಂಗೂ ಸವಣೂರಿಗೆ ಹೋಗ್ತಿಯವ್ವಾ. ಮಾಬೂಬಿ ಚಿಗವ್ವಗ ಒಪ್ಪಿಸಿ ಬಾ."

ನಾನು ತಲೆಯಾಡಿಸಿದೆ. ಗುಂಡಿ ಆಗ ಅವನ ತೊಡೆಯ ಮೇಲೆಯೇ ಇತ್ತು. ಅಪ್ಪನ ಬೆರಳು ಆ ಕೂದಲ ಗಂಟನ್ನು ಸುಮ್ಮನೆ ಸವರುತ್ತಿತ್ತು, ಹಚ್ಚಿದ ಗುಂಡಿ ಗಟ್ಟಿಯಿದೆಯೇ ಎಂದು ನೋಡುವ ಹಾಗೆ.

ಭಾನುವಾರ ಶ್ವೇತಾಳಿಗೆ ಮೆಸೇಜ್ ಬರೆದೆ. ಈ ಸಲ ಕನ್ನಡ ಅಕ್ಷರದಲ್ಲಿ, ದೀರ್ಘ, ಒತ್ತು ಎಲ್ಲ ಸರಿಯಾಗಿ. ಗುಂಡಿ ಹುಟ್ಟಿದ್ದೇ ಹಾಗೆ ಎಂಬಲ್ಲಿಗೆ ಬಂದಾಗ ಅವಳ ಕೈ ಹೊಟ್ಟೆಗೆ ಹೋದದ್ದು ಕಣ್ಣ ಮುಂದೆ ಬಂತು. ಎಲ್ಲ ಅಳಿಸಿದೆ. ಆಮೇಲೆಯೇ ಡೈರಿ ತೆಗೆದು ಆ ಚಿಂತೆ ಬರೆದದ್ದು. ಬರೆಯುತ್ತ ಇನ್ನೊಂದು ಗೊತ್ತಾಯಿತು. ಅಪ್ಪನ ಸುಮ್ಮನಿರುವಿಕೆಗೆ ಒಂದು ಕಾರಣವಿದೆ. ನನ್ನದಕ್ಕೆ ಆ ಕಾರಣವನ್ನು ಎರವಲು ತಂದುಕೊಂಡಿದ್ದೇನೆ ಅಷ್ಟೇ.

ಸೋಮವಾರ ಬೆಳಿಗ್ಗೆ ಅವ್ವ ಚೀಲದಲ್ಲಿ ಹಳೆಯ ದುಪ್ಪಟಿಯ ತುಂಡು ಹಾಸಿ ಗುಂಡಿಯನ್ನು ಇಳಿಸಿದಳು. "ಹೋಗಿ ಬಾ ನನ್ನವ್ವಾ," ಎಂದದ್ದು ನನಗೋ ಬೆಕ್ಕಿಗೋ ತಿಳಿಯಲಿಲ್ಲ. ಅಪ್ಪ ಮಷೀನಿನಿಂದ ತಲೆ ಎತ್ತಲಿಲ್ಲ. ಮಷೀನಿನಲ್ಲಿ ಅರಿಬೆಯೂ ಇರಲಿಲ್ಲ.

ಬಸ್ ಸ್ಟ್ಯಾಂಡಿಗೆ ಹೋಗುವ ದಾರಿ ಸರೋಜವ್ವನ ಮನೆಯ ಮುಂದೆಯೇ ಹಾಯುತ್ತದೆ. ಅವರು ಕಟ್ಟೆಯ ಮೇಲೆ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಪಕ್ಕದಲ್ಲಿ ಶ್ವೇತಾ ಕಂಬಕ್ಕೆ ಒರಗಿ ಕುಳಿತಿದ್ದಳು. ತಲೆ ತಗ್ಗಿಸಿ ದಾಟಿಬಿಡೋಣ ಎಂದರೆ ಚೀಲದೊಳಗಿನಿಂದ ಮಿಯಾಂವ್ ಎಂದಿತು.

"ಏ ಟೇಲರ್ ಮಗಳ, ನಿಂದ್ರು," ಎಂದರು ಸರೋಜವ್ವ. "ಚೀಲದಾಗ ಅದನ್ನ ಎಲ್ಲಿಗೆ ಒಯ್ಯಾಕತ್ತಿ? ಊರ ಹೊರಗ ಬಿಟ್ಟು ಬರಾಕೇನು? ಬಾಲ ಹೋತು, ಈಗ ಜೀವಾನ ತೆಗೀರಿ."

ನಿಂತೆ. ಗುಂಡಿ ಚೀಲದ ಬಾಯಿಂದ ತಲೆ ಹಾಕಿ, ನೆಲಕ್ಕಿಳಿದು, ಅಲ್ಲಿಂದ ಒಂದೇ ನೆಗೆತಕ್ಕೆ ಎದೆಯೆತ್ತರದ ಕಟ್ಟೆ ಹತ್ತಿತು. ಮೆಣಸಿನಕಾಯಿ ಮೂಸಿ ಎರಡು ಸಲ ಸೀನಿತು. ಮೊಲದಂತೆ ಕುಪ್ಪಳಿಸುತ್ತ ಶ್ವೇತಾಳ ಬಳಿಗೆ ಹೋಯಿತು.

"ಮುಟ್ಟಬ್ಯಾಡ!" ಎಂದರು ಸರೋಜವ್ವ.

ಶ್ವೇತಾ ಮುಟ್ಟಲಿಲ್ಲ. ನೋಡುತ್ತ ಕುಳಿತಳು. ಹನ್ನೆರಡು ದಿನದಲ್ಲಿ ಅವಳ ಮುಖ ಇಳಿದಿತ್ತು. ಕಣ್ಣ ಕೆಳಗೆ ಕಪ್ಪು.

"ಯಶೋದಾ," ಎಂದಳು ಮೆಲ್ಲಗೆ. "ಅವತ್ತ ನಕ್ಕಬಿಟ್ನಿ ನಾ. ಮನೀಗೆ ಬಂದ ಮ್ಯಾಲೆ ಅವ್ವ ಕತ್ತರಿಸ್ಯಾನ, ಕತ್ತರಿಸ್ಯಾನ ಅಂತಿದ್ರ, ಅದ ಕಣ್ಣಮುಂದ ಬರಾಕತ್ತೇತಿ. ಎಷ್ಟ್ ನೋವಾಗಿರಬೇಕು, ಎಷ್ಟ್ ಒದರಿರಬೇಕು. ತುತ್ತು ಎತ್ತಿದ್ರ ಅದ ನೆನಪು, ಊಟಾನ ಸೇರವಲ್ದು. ಖರೇ ಹೇಳು, ನಿಮ್ಮಪ್ಪ ಕತ್ತರಿಸ್ಯಾನೇನು?"

ಅಪ್ಪ ಯಾವ ಹೆದರಿಕೆಯಿಂದ ಇವಳನ್ನು ಕಾಯಲು ಹೋಗಿದ್ದನೋ, ಅದಕ್ಕಿಂತ ದೊಡ್ಡದನ್ನು ಇವಳು ಹನ್ನೆರಡು ದಿನದಿಂದ ಒಬ್ಬಳೇ ಹೊತ್ತುಕೊಂಡಿದ್ದಳು. ನಾನು ಕೈಯಲ್ಲಿದ್ದ ಫೋನು ನೋಡಿದೆ. ಅದನ್ನು ಚೀಲಕ್ಕೆ ಹಾಕಿದೆ. ಸರೋಜವ್ವನ ಬೆರಳುಗಳ ನಡುವೆ ಒಂದು ಮೆಣಸಿನಕಾಯಿ ಮುರಿಯದೆ ನಿಂತಿತ್ತು. ಗುಂಡಿ ಶ್ವೇತಾಳ ಸೀರೆಯ ಅಂಚಿನ ಮೇಲೆ ಕುಳಿತು, ಬಾಲವಿಲ್ಲದ ತನ್ನ ದುಂಡನೆಯ ಹಿಂಭಾಗವನ್ನು ನಮ್ಮೆಲ್ಲರ ಕಡೆಗೆ ತಿರುಗಿಸಿ, ನಿಶ್ಚಿಂತೆಯಿಂದ ಮುಂಗಾಲು ನೆಕ್ಕಿಕೊಳ್ಳುತ್ತಿತ್ತು.

"ಇಲ್ಲ," ಎಂದೆ. ದನಿ ಒಡೆದು ಬಂತು. ಗಂಟಲು ಸರಿಮಾಡಿಕೊಂಡು, ಸರೋಜವ್ವನಿಗೂ ಓಣಿಗೂ ಕೇಳುವ ಹಾಗೆ ಮತ್ತೊಮ್ಮೆ ಹೇಳಿದೆ.

"ಯಾರೂ ಕತ್ತರಿಸಿಲ್ರಿ ಅವ್ವಾರ. ಇದರವ್ವನೂ ಹಿಂಗ ಐತಿ, ಕಣ್ಣಾರೆ ನೋಡಿ ನಾನ ತಂದೇನಿ. ಇದು ಹುಟ್ಟಿದ್ದ ಹಿಂಗ. ಇದಕ್ಕ ಏನೂ ಕಡಿಮಿ ಇಲ್ಲ."